ಮಳೆ ನಿಂತ ಮೇಲೂ ಬಿದ್ದ ಹನಿ: ನಮ್ಮ ಥ್ರಿಲ್ಲರ್ ಶಾರ್ಟ್ ಫಿಲ್ಮ್ ಎಡಿಟ್ ಮಾಡಿದ ಅನುಭವ

ನಾವು ಉಡುಪಿಯ ಐದಾರು ಜನ ಸೇರಿ 14 ನಿಮಿಷದ ಒಂದು ಥ್ರಿಲ್ಲರ್ ಶಾರ್ಟ್ ಫಿಲ್ಮ್ ಮಾಡಿದ್ದು, ಬರೆದದ್ದೂ ಎಡಿಟ್ ಮಾಡಿದ್ದೂ ನಾನೇ. ಕಥೆ ಇಷ್ಟೇ, ಜುಲೈ ತಿಂಗಳ ಸಂಜೆ, ಜೋರು ಮಳೆ, ಹಿರಿಯಡ್ಕ ಕಡೆಯ ಒಂದು ಹಳೇ ಹಂಚಿನ ಮನೆ, ಸೊಸೆ ಒಬ್ಳೇ ಇದ್ದಾಳೆ, ಅಟ್ಟದಲ್ಲಿ ಒಬ್ಬ ಅಡಗಿ ಕೂತಿದ್ದಾನೆ. ಮೊದಲನೇ ಕಟ್‌ನಲ್ಲಿ, ಅಂದ್ರೆ ಮೊದಲ ಸಲ ಎಡಿಟ್ ಮಾಡಿದ ರೂಪದಲ್ಲಿ, ಅವನು ಅಲ್ಲಿರೋದು ನೋಡುವವರಿಗೆ ಗೊತ್ತೇ ಆಗದ ಹಾಗೆ ಮುಚ್ಚಿಟ್ಟಿದ್ದೆ, 11ನೇ ನಿಮಿಷಕ್ಕೆ ಧಡಾರ್ ಅಂತ ಕೆಳಗೆ ಹಾರ್ತಾನೆ, ಸೌಂಡ್ ಫುಲ್.

ಮನೆಯಲ್ಲೇ 9 ಜನರನ್ನು ಕೂರಿಸಿ ಅದನ್ನು ತೋರಿಸಿದೆ. ನಾನು ಸ್ಕ್ರೀನ್ ನೋಡ್ಲಿಲ್ಲ, ಗೋಡೆಗೆ ಒರಗಿ ನಿಂತು ಅವರ ಮುಖ ನೋಡ್ತಾ ಇದ್ದೆ, ಇದು ನಾನು ಮಾಡಿದ ಒಳ್ಳೇ ಕೆಲಸ, ಯಾಕಂದ್ರೆ ಮುಗಿದ ಮೇಲೆ ಕೇಳಿದ್ರೆ ಎಲ್ರೂ "ಚಂದ ಉಂಟು" ಅಂತಲೇ ಹೇಳೋದು, ಆದ್ರೆ 4ನೇ ನಿಮಿಷಕ್ಕೆ ಒಬ್ಬನ ಮೊಬೈಲ್ ಬೆಳಗಿತು, 6ಕ್ಕೆ ಇನ್ನೂ ಇಬ್ಬರದ್ದು. ಅವನು ಹಾರಿದಾಗ ಬೆಚ್ಚಿದ್ದು ಹೌದು. ಎರಡು ಸೆಕೆಂಡ್. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

ಆ ರಾತ್ರಿ ನಿದ್ದೆ ಬರ್ಲಿಲ್ಲ. ಸಸ್ಪೆನ್ಸ್ ಸಿನಿಮಾಗಳ ಡೈರೆಕ್ಟರ್ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ಡೈರೆಕ್ಟರ್ ತ್ರುಫೋ ಜೊತೆ ಮಾತಾಡುವಾಗ ಹೇಳಿದ ಟೇಬಲ್ ಕೆಳಗಿನ ಬಾಂಬ್ ವಿಷಯ ನಾನು ಎಷ್ಟೋ ಸಲ ಓದಿದ್ದೇನೆ: ಬಾಂಬ್ ಇರೋದು ಗೊತ್ತಿಲ್ಲದೆ ಸಿಡಿದ್ರೆ 15 ಸೆಕೆಂಡಿನ ಆಶ್ಚರ್ಯ, ಮೊದಲೇ ತೋರಿಸಿಬಿಟ್ರೆ 15 ನಿಮಿಷದ ಸಸ್ಪೆನ್ಸ್. ಓದಿದ್ದೆ, ಆದ್ರೆ ಕೈಯಲ್ಲಿ ಮಾಡುವಾಗ ಗುಟ್ಟು ಬಿಟ್ಟುಕೊಡ್ಲಿಕ್ಕೆ ಮನಸ್ಸು ಬರೋದಿಲ್ಲ, ಗುಟ್ಟೇ ಹೋದ್ರೆ ಮತ್ತೆ ಎಂತ ಉಳೀತದೆ ಅಂತ ಅನ್ನಿಸ್ತದೆ.

ಮನಸ್ಸು ಬದಲಾದದ್ದು ಯಕ್ಷಗಾನ ಬಯಲಾಟ ನೆನಪಾಗಿ. ಚಿಕ್ಕವನಿದ್ದಾಗ ಗದ್ದೆಯಲ್ಲಿ ಕೂತು ಮಹಿಷಾಸುರನಿಗೆ ಕಾದದ್ದು ನೆನಪುಂಟು. ಅವನು ಬರ್ತಾನೆ, ಜನರ ಮಧ್ಯದಿಂದಲೇ ಬರ್ತಾನೆ, ಕೊನೆಗೆ ದೇವಿ ಕೈಯಲ್ಲಿ ಸಾಯ್ತಾನೆ, ಎಲ್ಲ ಎಲ್ರಿಗೂ ಗೊತ್ತು, ಪ್ರತಿ ವರ್ಷ ನೋಡಿದ್ದೇ. ಆದ್ರೂ ಚೆಂಡೆ ಏರ್ತಾ ಹೋಗಿ ಹಿಂದೆ ಎಲ್ಲೋ ದೂರದಲ್ಲಿ ದೀವಟಿಗೆ ಬೆಂಕಿ ಕಂಡಾಗ ಹೊಟ್ಟೆ ಒಳಗೆ ಒಂದು ನಡುಕ ಬರ್ತದಲ್ಲ, ಅದು ಗೊತ್ತಿಲ್ಲದ್ದಕ್ಕೆ ಬಂದ ನಡುಕ ಅಲ್ಲ, ಗೊತ್ತಿದ್ದದ್ದು ಇನ್ನೂ ಬರ್ಲಿಲ್ಲ ಅಂತ ಬಂದದ್ದು.

ಹಾಗಾಗಿ ಮೊದಲ ಶಾಟೇ ಬದಲಿಸಿದೆ. ಒದ್ದೆ ಕಾಲು, ಏಣಿ ಹತ್ತುತ್ತದೆ, ಅಟ್ಟದ ಕತ್ತಲೆಗೆ ಹೋಗ್ತದೆ, ಮುಖ ಇಲ್ಲ. ಮುಖ ತೋರಿಸದೇ ಇದ್ದದ್ದಕ್ಕೆ ಇನ್ನೊಂದು ಕಾರಣವೂ ಉಂಟು, ಆ ಪಾತ್ರ ಮಾಡಿದವನಿಗೆ ಮತ್ತೆ ರಜೆ ಸಿಗ್ಲಿಲ್ಲ, ರೀಶೂಟಿಗೆ ನಮ್ಮ ಕ್ಯಾಮರಾ ಅಸಿಸ್ಟೆಂಟ್‌ನದ್ದೇ ಕಾಲು. 1975ರ ಜಾಸ್ ಸಿನಿಮಾದಲ್ಲಿ ಮೆಷಿನ್ ಶಾರ್ಕು ಉಪ್ಪುನೀರಿಗೆ ಕೈಕೊಟ್ಟು, ಶಾರ್ಕನ್ನು ತೋರಿಸದೇನೇ ಹೆದರಿಸಬೇಕಾಗಿ ಬಂದದ್ದು ಅಂತ ಓದಿದ ಧೈರ್ಯ ನನಗಿತ್ತು.

ಈಗ ಸೊಸೆ ಒಳಗೆ ಬರ್ತಾಳೆ. ಮುಚ್ಚಿಗೆ ಹಲಗೆಯ ಸಂದಿಯಿಂದ ಒಂದು ಹನಿ ನೀರು ಅವಳ ಕೈ ಮೇಲೆ ಬೀಳ್ತದೆ. ಹಳೇ ಮನೆ, ಮಳೆಗಾಲ, ಹಂಚು ಸೋರ್ತಾ ಉಂಟು ಅಂತ ಅವಳು ಒಂದು ಸ್ಟೀಲ್ ಪಾತ್ರೆ ತಂದು ಕೆಳಗೆ ಇಡ್ತಾಳೆ, ನಮ್ಮೂರಲ್ಲಿ ಯಾರಾದ್ರೂ ಅದನ್ನೇ ಮಾಡೋದು. ಆದ್ರೆ ಅದು ಅವನ ಬಟ್ಟೆಯಿಂದ ಇಳೀತಾ ಇರುವ ನೀರು ಅಂತ ನಮಗೆ ಗೊತ್ತು.

ಈ ಒಂದು ಹನಿ ಮೇಲೆ ನಾನು ಹದಿನೈದು ದಿನ ಕೂತಿದ್ದೇನೆ. ಹಂಚಿನ ಮೇಲೆ ಮಳೆ ಹೊಡೀತಾ ಇದ್ರೆ ಶೂಟ್ ಮಾಡುವ ಜಾಗದ ಸೌಂಡ್ ಒಂದೂ ಉಪಯೋಗಕ್ಕೆ ಬರೋದಿಲ್ಲ, ಹಾಗಾಗಿ ಮಧ್ಯರಾತ್ರಿ ಅಡಿಗೆಮನೆಯಲ್ಲಿ ಫ್ರಿಜ್ ಆಫ್ ಮಾಡಿ ಹನಿ ರೆಕಾರ್ಡ್ ಮಾಡಿದೆ. ಅಲ್ಯೂಮಿನಿಯಂ ಪಾತ್ರೆ ಸತ್ತ ಹಾಗೆ ಕೇಳ್ತದೆ, ತಾಮ್ರದ ತಂಬಿಗೆ ತುಂಬಾ ಗುಂಯ್ ಅಂತದೆ, ಸ್ಟೀಲೇ ಸರಿ. ಖಾಲಿ ಇದ್ದಾಗ ಟಣ್ ಅಂತದೆ, ನೀರು ತುಂಬ್ತಾ ಬಂದ ಹಾಗೆ ಬ್ಳುಕ್ ಆಗ್ತದೆ, ಎಷ್ಟು ಹೊತ್ತಿನಿಂದ ಅವನು ಮೇಲಿದ್ದಾನೆ ಅಂತ ಆ ಸ್ವರವೇ ಹೇಳ್ತದೆ, ಗಡಿಯಾರ ತೋರಿಸೋದೇ ಬೇಡ. ಮೊದಲು ಸಮಾ ಅಂತರದಲ್ಲಿ ಇಟ್ಟಿದ್ದೆ, ಅರ್ಧ ನಿಮಿಷದಲ್ಲಿ ಕಿವಿ ಅದನ್ನು ಕೇಳೋದೇ ಬಿಟ್ಟುಬಿಡ್ತದೆ. ಆಮೇಲೆ ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ 48, 72, 120 ಅಂತ ಬಿಡಿಸ್ತಾ ಹೋದೆ, ಅಂದ್ರೆ 2 ಸೆಕೆಂಡ್, 3, 5. ಆ 5 ಸೆಕೆಂಡಿನಲ್ಲಿ ಜನ ಉಸಿರು ಹಿಡಿದು ಮುಂದಿನ ಹನಿಗೆ ಕಾಯ್ತಾರೆ. ಮ್ಯೂಸಿಕ್ ಹಾಕಿದ್ದೆ, ಪೂರ್ತಿ ತೆಗೆದೆ. ಮತ್ತೆ ಒಂದು ಕಡೆ ಹನಿ ನಿಂತೇ ಬಿಡ್ತದೆ, ಪಾತ್ರೆ ಸುಮ್ಮನೆ, ಅಂದ್ರೆ ಅವನು ಜಾಗ ಬದಲಿಸಿದ. ಮುಂದಿನ ಹನಿ ಅವಳ ಬೆನ್ನ ಹಿಂದೆ ಬರೀ ನೆಲಕ್ಕೆ ಬೀಳ್ತದೆ.

ಕಾಯೋದಕ್ಕೂ ಒಂದು ಗಡಿ ಬೇಕು, ಇಲ್ಲದಿದ್ರೆ ಬೋರ್. ಅದಕ್ಕೆ ಮೀನು ಇಟ್ಟೆ. ಅವಳು ಫೋನಲ್ಲಿ "ಅತ್ತೆ, ಬಂಗುಡೆ ಕೊಯ್ದಾದ ಮೇಲೆ ಅಟ್ಟದಿಂದ ಹುಳಿ ಭರಣಿ ಇಳಿಸ್ತೇನೆ" ಅಂತ ಹೇಳಿ ಮೆಟ್ಟುಕತ್ತಿ ಮುಂದೆ ಕೂರ್ತಾಳೆ. ಆರು ಬಂಗುಡೆ. ಒಂದೊಂದು ಆದ ಹಾಗೆ ಏಣಿ ಹತ್ತಿರ ಬಂತು. ಮಳೆಗಾಲಕ್ಕೆ ಟ್ರಾಲಿಂಗ್ ಬಂದ್, ಅಂದ್ರೆ ದೊಡ್ಡ ಬಲೆಯ ಬೋಟುಗಳು ಕಡಲಿಗೆ ಹೋಗದ ಸಮಯ, ಮೀನಿಗೆ ಸಿಕ್ಕಾಪಟ್ಟೆ ರೇಟು, ಹಾಗಾಗಿ ನಮಗೆ ಇದ್ದದ್ದೂ ಆರೇ, ಒಂದು ಮೀನಿಗೆ ಒಂದೇ ಟೇಕ್, ಅವಳ ಕೈಯಲ್ಲಿ ಕಾಣುವ ಆ ಜಾಗ್ರತೆ ಆಕ್ಟಿಂಗ್ ಅಲ್ಲ.

ಎರಡನೇ ಸಲ ತೋರಿಸಿದಾಗ ನಮ್ಮ ದೊಡ್ಡಮ್ಮನೂ ಇದ್ರು. ನಾಲ್ಕನೇ ಬಂಗುಡೆಗೆ ಅವರಿಗೆ ತಡೀಲಿಕ್ಕೆ ಆಗ್ಲಿಲ್ಲ, "ಅದು ಮಳೆ ನೀರಲ್ಲ ಮಾರಾಯ್ತಿ, ಮೇಲೆ ನೋಡು ಒಮ್ಮೆ!" ಅಂತ ಟಿವಿಗೇ ಬೊಬ್ಬೆ ಹಾಕಿದ್ರು. ಒಂದು ಮೊಬೈಲೂ ಬೆಳಗ್ಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು.

ಐದನೇ ಮೀನಿಗೆ ಹೊರಗೆ ಮಳೆ ನಿಲ್ತದೆ. ಮೌನ. ಮತ್ತೆ, ಬ್ಳುಕ್. ಅವಳ ಕೈ ಒಂದು ಕ್ಷಣ ನಿಂತು ಮೊದಲಿನ ಹಾಗೇ ಕೊಯ್ಲಿಕ್ಕೆ ಶುರು ಮಾಡ್ತದೆ. ಅವಳಿಗೆ ಗೊತ್ತಾಯ್ತು, ಆದ್ರೆ ಅವಳಿಗೆ ಗೊತ್ತಾದದ್ದು ಅವನಿಗೆ ಗೊತ್ತಿಲ್ಲ. ಇಲ್ಲಿ ಲೆಕ್ಕ ತಿರುಗ್ತದೆ ನೋಡಿ, ಅಲ್ಲಿವರೆಗೆ ಅವಳಿಗಾಗಿ ಹೆದರಿದವರು ಈಗ ಅವಳ ಜೊತೆ ಸೇರಿ ಗುಟ್ಟು ಕಾಯ್ತಾರೆ. ಹಳೇ ಸ್ಕ್ರಿಪ್ಟಲ್ಲಿ ಅವಳು ಸಾಯ್ತಿದ್ಲು, ಅದನ್ನು ಬದಲಿಸಿದೆ. 1936ರ ತನ್ನ ಸಬೊಟಾಜ್ ಸಿನಿಮಾದಲ್ಲಿ ಹುಡುಗನ ಕೈಯಲ್ಲಿದ್ದ ಬಾಂಬ್ ಸಿಡಿಸಿದ್ದು ತಪ್ಪಾಯ್ತು ಅಂತ ಹಿಚ್‌ಕಾಕೇ ಮತ್ತೆ ಒಪ್ಪಿಕೊಂಡಿದ್ದಾರೆ, ಅಷ್ಟು ಹೊತ್ತು ಹೆದರಿ ಕೂತ ಜನರಿಗೆ ಒಂದು ಬಿಡುಗಡೆ ಕೊಡಲೇಬೇಕು. ನಮ್ಮ ಸೊಸೆ ಎದ್ದು, ಕೈ ತೊಳೆದು, ಏಣಿಯನ್ನು ಮೆಲ್ಲ ಎತ್ತಿ ಅಂಗಳಕ್ಕೆ ನಡೀತಾಳೆ. ಒಂದೇ ಶಾಟ್, 50 ಸೆಕೆಂಡ್, ಕಟ್ ಇಲ್ಲ. ಏಣಿ ಎಲ್ಲಿಯಾದ್ರೂ ಬಾಗಿಲಿಗೆ ತಾಗ್ತದಾ ಅಂತ ನನಗೇ ಈಗಲೂ ಎದೆ ಹೊಡ್ಕೊಳ್ತದೆ.

ಬೆನ್ನ ಹಿಂದೆ ಬೀಳುವ ಆ ಹನಿ ಮಾತ್ರ ಇನ್ನೂ ಸರಿ ಕೂರ್ಲಿಲ್ಲ. 8 ಫ್ರೇಮ್ ಬೇಗ ಬೀಳ್ತದೆ ಅಂತ ನನ್ನ ಅಂದಾಜು. ನಾಳೆ ರಾತ್ರಿ ಮತ್ತೆ ತೆಗೆದು ನೋಡ್ತೇನೆ.