ಕತ್ತರಿ ಹಿಡಿದು ಸಂಖ್ಯೆಯ ಒಗಟು ಬಿಡಿಸಿ

ಗಣಿತಜ್ಞ ಅಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು ಮದುರೈಯಲ್ಲಿ. ತಮ್ಮ ವಯಸ್ಸನ್ನು ಅವರು ಒಗಟಿನಲ್ಲಿ ಹೇಳಿದ್ದರು: ಒಂದು ಇಸವಿಯಲ್ಲಿ ನನಗೆಷ್ಟು ವಯಸ್ಸೋ, ಅದರ ವರ್ಗವೇ ಆ ಇಸವಿ. ಹಾಗಾದರೆ ಅವರು ಹುಟ್ಟಿದ್ದು ಯಾವಾಗ?

ಸುಮ್ನೆ ಊಹಿಸುತ್ತಾ ಕೂರಬೇಡಿ. ಅವರು 19ನೇ ಶತಮಾನದವರು. ಆ ನೂರು ವರ್ಷದೊಳಗೆ ಬೀಳುವ ಪೂರ್ಣವರ್ಗ ಹುಡುಕಿ. 42ರ ವರ್ಗ 1764, ಕಡಿಮೆಯಾಯಿತು. 44ರದು 1936, ಜಾಸ್ತಿಯಾಯಿತು. ನಡುವೆ ಉಳಿದದ್ದು 43, ಅದರ ವರ್ಗ 1849. ಅದರಲ್ಲಿ 43 ಕಳೆದರೆ 1806. ಅದೇ ಅವರು ಹುಟ್ಟಿದ ವರ್ಷ.

ಉತ್ತರ ಸಿಕ್ಕಿತು ಅಂತ ಪೆನ್ಸಿಲ್ ಕೆಳಗಿಡಬೇಡಿ. 43 ಸಾಲು, ಸಾಲಿಗೆ 43 ಮನೆ ಇರುವ ಚೌಕದಿಂದ ಒಂದು ಸಾಲು ತೆಗೆದರೆ 42 ಸಾಲು ಉಳಿಯುತ್ತದೆ. ಅಂದರೆ 1806 = 42 × 43. ಇಂಥ ಹುಟ್ಟಿದ ವರ್ಷ ಯಾವಾಗಲೂ ಅಕ್ಕಪಕ್ಕದ ಎರಡು ಸಂಖ್ಯೆಗಳ ಗುಣಲಬ್ಧ. ನಿಮ್ಮದನ್ನೂ ನೋಡಿಕೊಳ್ಳಿ. 44 × 45 = 1980. ಆ ವರ್ಷ ಹುಟ್ಟಿದವರಿಗೆ 2025ರಲ್ಲಿ 45 ತುಂಬಿತು, 45ರ ವರ್ಗವೂ 2025! ಮುಂದಿನ ಸರದಿ 2070ರಲ್ಲಿ ಹುಟ್ಟುವವರದು.

ಈಗ ನನಗೆ ತುಂಬಾ ಇಷ್ಟವಾದ ಒಗಟು. ಎರಡು ಪೂರ್ಣವರ್ಗಗಳ ವ್ಯತ್ಯಾಸ 45. ಅವು ಯಾವುವು?

ಲೆಕ್ಕದ ಪುಸ್ತಕದ ಚೌಕುಳಿ ಹಾಳೆಯಿಂದ 7 × 7 ಮನೆಗಳ ಚೌಕ ಕತ್ತರಿಸಿಕೊಳ್ಳಿ. ಮೇಲಿನ ಒಂದು ಮೂಲೆಯಿಂದ 2 × 2 ತುಂಡು ತೆಗೆಯಿರಿ. 49ರಲ್ಲಿ 4 ಹೋಗಿ 45 ಉಳಿಯಿತು. ಮೇಲಿನ ಎರಡು ಸಾಲಿನಲ್ಲಿ ಈಗ ಐದೈದೇ ಮನೆ ಇವೆ ಅಲ್ವಾ? ಆ ಪಟ್ಟಿಯನ್ನು ಕತ್ತರಿಸಿ, ನೆಟ್ಟಗೆ ನಿಲ್ಲಿಸಿ, ಉಳಿದ ಐದು ಸಾಲಿನ ಪಕ್ಕಕ್ಕೆ ಜೋಡಿಸಿ. 5 × 9ರ ಆಯತ ಸಿದ್ಧ! 5 ಅಂದರೆ 7ರಲ್ಲಿ 2 ಕಳೆದದ್ದು, 9 ಅಂದರೆ 7ಕ್ಕೆ 2 ಕೂಡಿದ್ದು. a² − b² = (a − b)(a + b) ಎಂಬ ಸೂತ್ರವನ್ನು ಹತ್ತು ಸಲ ಬಾಯಿಪಾಠ ಮಾಡಿಸುವ ಬದಲು ಒಮ್ಮೆ ಮಕ್ಕಳ ಕೈಗೆ ಕತ್ತರಿ ಕೊಡಿ.

ಇನ್ನು 45ರ ಅಪವರ್ತನಗಳನ್ನು ಜೋಡಿಯಾಗಿ ಬರೆಯಿರಿ: 5 × 9, 3 × 15, 1 × 45. ಜೋಡಿಯನ್ನು ಕೂಡಿ ಅರ್ಧ ಮಾಡಿದರೆ ದೊಡ್ಡ ಸಂಖ್ಯೆ, ಕಳೆದು ಅರ್ಧ ಮಾಡಿದರೆ ಚಿಕ್ಕದು. 5 ಮತ್ತು 9ರಿಂದ ನಮ್ಮ 7 ಮತ್ತು 2 ಬಂದವು. 3 ಮತ್ತು 15ರಿಂದ 9 ಮತ್ತು 6: 81 − 36 = 45. 1 ಮತ್ತು 45ರಿಂದ 23 ಮತ್ತು 22: 529 − 484 = 45. ಜೋಡಿ ಮೂರೇ, ಹಾಗಾಗಿ ಉತ್ತರವೂ ಮೂರೇ.

ವ್ಯತ್ಯಾಸ 30 ಇರಲಿ ಎಂದು ಯಾರಾದರೂ ಕೇಳಿದರೆ? ಜೋಡಿಗಳು 1 × 30, 2 × 15, 3 × 10, 5 × 6. ಎಲ್ಲದರಲ್ಲೂ ಒಂದು ಸಮ, ಒಂದು ಬೆಸ. ಕೂಡಿದರೆ ಬೆಸ ಸಂಖ್ಯೆಯೇ ಬರುತ್ತದೆ, ಸರಿಯಾಗಿ ಅರ್ಧವಾಗುವುದಿಲ್ಲ. ಅಂಥ ಪೂರ್ಣವರ್ಗಗಳೇ ಇಲ್ಲ ಅಂತ ಧೈರ್ಯವಾಗಿ ಹೇಳಿ.