ಗೇಮ್ ಆಡಲು ಹೊಸ ಟಿವಿ ಬೇಕೇ, ಮಾನಿಟರ್ ಬೇಕೇ, ಇದ್ದದ್ದೇ ಸಾಕೇ?

ಹಬ್ಬದ ರಿಯಾಯಿತಿ ಶುರುವಾದೊಡನೆ ದಾವಣಗೆರೆಯ ಎಲೆಕ್ಟ್ರಾನಿಕ್ಸ್ ಮಳಿಗೆಗಳಲ್ಲಿ ಕಾಲೇಜಿಗೆ ಹೋಗುವ ಮಗನೂ ದುಡ್ಡು ಕೊಡಬೇಕಾದ ಅಪ್ಪನೂ ಒಟ್ಟಿಗೆ ಬಂದು ನಿಲ್ಲುವುದನ್ನು ನೋಡಬಹುದು. ಮಗ ‘120 ಹರ್ಟ್ಸ್ ಬೇಕು’ (ಪರದೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸಬೇಕು) ಎನ್ನುತ್ತಾನೆ, ಅಪ್ಪ ‘ಈಗಿರೋ ಟಿವಿಗೆ ಏನಾಗಿದೆಯಪ್ಪಾ’ ಎನ್ನುತ್ತಾರೆ, ಮಾರಾಟಗಾರ ಇಬ್ಬರ ಮಾತಿಗೂ ತಲೆಯಾಡಿಸುತ್ತಾ ಅಂಗಡಿಯ ಅತಿ ದೊಡ್ಡ ಪರದೆಯ ಕಡೆಗೆ ಕರೆದೊಯ್ಯುತ್ತಾನೆ. ಅಪ್ಪ, ಮಗ ಇಬ್ಬರ ಮಾತಿನಲ್ಲೂ ಹುರುಳಿದೆ. ಯಾರದು ಸರಿ ಎಂಬುದನ್ನು ಅಂಗಡಿಗೆ ಹೊರಡುವ ಮೊದಲೇ, ಮನೆಯಲ್ಲಿ ಅರ್ಧ ಗಂಟೆ ಕುಳಿತು ತೀರ್ಮಾನಿಸಬಹುದು. ಪರದೆಯು ತನಗೆ ಬಂದದ್ದನ್ನು ತೋರಿಸಬಲ್ಲದೇ ಹೊರತು ಬಾರದಿದ್ದುದನ್ನು ಹುಟ್ಟಿಸಲಾರದು ಎಂಬ ಒಂದು ಮಾತನ್ನು ನೆನಪಿಟ್ಟುಕೊಂಡರೆ ಮುಂದಿನ ಹೆಜ್ಜೆಗಳು ತಾವಾಗಿಯೇ ತಿಳಿಯುತ್ತವೆ.

ಮೊದಲು ನಿಮ್ಮ ಯಂತ್ರ ಏನು ಕಳಿಸುತ್ತಿದೆ, ನೋಡಿ

ಪ್ಲೇಸ್ಟೇಷನ್ 4 (‘ಪ್ರೊ’ ಅಲ್ಲದ ಸಾಮಾನ್ಯ ಮಾದರಿ) ಇರುವವರ ಲೆಕ್ಕ ಸುಲಭ. ಅದು ಕಳಿಸುವ ಚಿತ್ರ ಹೆಚ್ಚೆಂದರೆ 1080ಪಿ (ಫುಲ್ ಎಚ್‌ಡಿ), ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಬಿಡಿಚಿತ್ರ. ಇದರ ಮುಂದೆ 120 ಹರ್ಟ್ಸ್‌ನ 4ಕೆ ಟಿವಿ ತಂದಿಟ್ಟರೆ ಆ ಹೆಚ್ಚಿನ ಸಾಮರ್ಥ್ಯ ಆಟದ ಮಟ್ಟಿಗೆ ಖಾಲಿ ಕುಳಿತಿರುತ್ತದೆ. 2021ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದ ಪ್ಲೇಸ್ಟೇಷನ್ 5 ಮತ್ತು ಅದಕ್ಕಿಂತ ಕೆಲವು ತಿಂಗಳು ಮೊದಲೇ ಬಂದ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 4ಕೆಯಲ್ಲಿ 120 ಫ್ರೇಮ್‌ವರೆಗೆ ಕಳಿಸಬಲ್ಲವು. ಆದರೆ ‘ಕಳಿಸಬಲ್ಲವು’ ಎಂದರೆ ಎಲ್ಲ ಆಟಗಳಲ್ಲೂ ಕಳಿಸುತ್ತವೆ ಎಂದಲ್ಲ. ಕಥೆ ಪ್ರಧಾನವಾದ ಬಹಳಷ್ಟು ದೊಡ್ಡ ಆಟಗಳು ಇವತ್ತಿಗೂ 30 ಅಥವಾ 60 ಫ್ರೇಮ್‌ನಲ್ಲೇ ಓಡುತ್ತವೆ. ನೀವು ನಿಜವಾಗಿ ಆಡುವ ಆಟಗಳ ಸೆಟ್ಟಿಂಗ್ಸ್‌ನಲ್ಲಿ 120ರ ಆಯ್ಕೆ ಇದೆಯೇ ಎಂದು ಒಂದೊಂದಾಗಿ ತೆರೆದು ನೋಡಿಕೊಳ್ಳುವುದು ಒಳ್ಳೆಯದು.

ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್‌ನಲ್ಲಿ ಆಡುವವರು ಗ್ರಾಫಿಕ್ಸ್ ಕಾರ್ಡಿನ ಶಕ್ತಿಯನ್ನು ಅಳೆಯಬೇಕು. ಹೆಚ್ಚಿನ ಆಟಗಳಲ್ಲಿ ಫ್ರೇಮ್‌ಗಳ ಸಂಖ್ಯೆಯನ್ನು ಪರದೆಯ ಮೂಲೆಯಲ್ಲಿ ತೋರಿಸುವ ಆಯ್ಕೆ ಇರುತ್ತದೆ, ಆಟಗಳನ್ನು ಕೊಳ್ಳುವ ಸ್ಟೀಮ್ ತಂತ್ರಾಂಶದಲ್ಲೂ ಇದೆ. ಅಳೆಯುವಾಗ ವಿ-ಸಿಂಕ್ (ಫ್ರೇಮ್‌ಗಳನ್ನು ಪರದೆಯ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಆಫ್ ಮಾಡಿರಬೇಕು, ಇಲ್ಲವಾದರೆ 60 ಹರ್ಟ್ಸ್ ಪರದೆಯಲ್ಲಿ ಸಂಖ್ಯೆ 60ಕ್ಕೇ ನಿಂತುಬಿಟ್ಟು ಕಾರ್ಡಿನ ನಿಜವಾದ ಶಕ್ತಿ ಗೊತ್ತಾಗುವುದಿಲ್ಲ. ಗುಂಡಿನ ಚಕಮಕಿ, ಹೊಗೆ, ಜನಜಂಗುಳಿ ಇರುವ ದೃಶ್ಯದಲ್ಲಿ ಆ ಸಂಖ್ಯೆ ಎಷ್ಟಕ್ಕೆ ಇಳಿಯುತ್ತದೆ ಎಂಬುದೇ ಮುಖ್ಯ. ಅಲ್ಲಿ 45–50 ಬರುತ್ತಿದ್ದರೆ 144 ಹರ್ಟ್ಸ್ ಮಾನಿಟರ್ ನಿಮ್ಮ ಕಷ್ಟವನ್ನು ಪರಿಹರಿಸುವುದಿಲ್ಲ. ಆ ಹಣ ಕಾರ್ಡಿಗೆ ಹೋಗಬೇಕು, ಇಲ್ಲವೇ ಬ್ಯಾಂಕಿನಲ್ಲಿ ಉಳಿಯಬೇಕು. ವ್ಯಾಲೊರಂಟ್‌ನಂಥ ಹಗುರವಾದ ಆಟದಲ್ಲಿ ಸಾಧಾರಣ ಕಾರ್ಡೇ ನೂರೈವತ್ತು ದಾಟುತ್ತಿದ್ದು ಪರದೆ 60ರಲ್ಲೇ ಇದ್ದರೆ ಮಾತು ಬೇರೆ, ಅಲ್ಲಿ ಮಗನ ವಾದಕ್ಕೆ ತೂಕವಿದೆ.

ರೆಸಲ್ಯೂಷನ್, ಅಂದರೆ ಚಿತ್ರದಲ್ಲಿರುವ ಪಿಕ್ಸೆಲ್‌ಗಳ (ಬಣ್ಣದ ಚುಕ್ಕೆಗಳ) ಸಂಖ್ಯೆ ಹೆಚ್ಚಿಸುವ ಮೊದಲೂ ಇದೇ ಎಚ್ಚರಿಕೆ ಬೇಕು. 1080ಪಿ ಚಿತ್ರದಲ್ಲಿ ಸುಮಾರು 20.7 ಲಕ್ಷ, 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಇವತ್ತು 1080ಪಿಯಲ್ಲಿ ಏದುಸಿರು ಬಿಡುತ್ತಿರುವ ಕಾರ್ಡು ನಾಳೆ ನಾಲ್ಕು ಪಟ್ಟು ಪಿಕ್ಸೆಲ್‌ಗಳನ್ನು ಬರೆಯಬೇಕಾಗುತ್ತದೆ.

ಹಣ ಖರ್ಚಿಲ್ಲದೆ ಸರಿಹೋಗುವುದನ್ನು ಸರಿಪಡಿಸಿ

‘ಟಿವಿ ಹಳೆಯದಾಯಿತು, ಗುಂಡಿ ಒತ್ತಿದ ಮೇಲೆ ಆಟಗಾರ ತಡವಾಗಿ ಜಿಗಿಯುತ್ತಾನೆ’ ಎಂಬ ದೂರು ಬಹಳಷ್ಟು ಸಲ ಸೆಟ್ಟಿಂಗ್‌ನ ದೋಷವೇ ಆಗಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಟಿವಿಯು ತನಗೆ ಬಂದ ಚಿತ್ರವನ್ನು ನೇರವಾಗಿ ತೋರಿಸುವುದಿಲ್ಲ. ಬಣ್ಣ ತಿದ್ದಿ, ಅಂಚು ಚೂಪುಗೊಳಿಸಿ, ಎರಡು ಫ್ರೇಮ್‌ಗಳ ನಡುವೆ ಇನ್ನೊಂದನ್ನು ತಾನೇ ಕಲ್ಪಿಸಿ ಸೇರಿಸಿ, ಆಮೇಲೆ ತೋರಿಸುತ್ತದೆ. ಧಾರಾವಾಹಿ ನೋಡುವವರಿಗೆ ಈ ತಡ ಗೊತ್ತೇ ಆಗುವುದಿಲ್ಲ, ಆಡುವವರ ಹೆಬ್ಬೆರಳಿಗೆ ಗೊತ್ತಾಗುತ್ತದೆ. ಗೇಮ್ ಮೋಡ್ ಹಾಕದ ಟಿವಿಗಳಲ್ಲಿ ಈ ತಡ 50ರಿಂದ 100 ಮಿಲಿಸೆಕೆಂಡ್ ಅಥವಾ ಅದಕ್ಕೂ ಹೆಚ್ಚಿರುವುದುಂಟು. ಗೇಮ್ ಮೋಡ್ ಹಾಕಿದರೆ ಇತ್ತೀಚಿನ ಹಲವು ಟಿವಿಗಳಲ್ಲಿ ಅದು 10–20ಕ್ಕೆ ಇಳಿಯುತ್ತದೆ. 60 ಹರ್ಟ್ಸ್‌ನಲ್ಲಿ ಒಂದು ಫ್ರೇಮ್ 16.7 ಮಿಲಿಸೆಕೆಂಡ್, 120ರಲ್ಲಿ 8.3 ಮಿಲಿಸೆಕೆಂಡ್ ಪರದೆಯ ಮೇಲೆ ನಿಲ್ಲುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ರಿಮೋಟ್‌ನ ನಾಲ್ಕು ಗುಂಡಿ ಒತ್ತಿ ಸಿಗುವ ಲಾಭವು ಹೊಸ ಟಿವಿ ಕೊಂಡು ಸಿಗುವ ಲಾಭಕ್ಕಿಂತ ದೊಡ್ಡದಿರಬಹುದು ಎಂಬುದು ಸ್ಪಷ್ಟವಾಗುತ್ತದೆ.

ಹಾಗಾಗಿ ಪಿಕ್ಚರ್ ಮೋಡ್‌ಗೆ ಹೋಗಿ ‘ಗೇಮ್’ ಆರಿಸಿ. ಚಲನೆಯನ್ನು ನಯಗೊಳಿಸುವ ಸೌಲಭ್ಯವನ್ನು ಆಫ್ ಮಾಡಿ. ಎಲ್‌ಜಿಯಲ್ಲಿ ಅದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನ ಅನೇಕ ಮಾದರಿಗಳಲ್ಲಿ ಆಟೋ ಮೋಷನ್ ಪ್ಲಸ್. ಎಚ್‌ಡಿಎಂಐ ಕಿಂಡಿಯನ್ನು ಪೂರ್ಣ ವೇಗಕ್ಕೆ ತೆರೆಯುವ ಇನ್ನೊಂದು ಸೆಟ್ಟಿಂಗ್ ಇರುತ್ತದೆ, ಅದನ್ನು ಆನ್ ಮಾಡುವವರೆಗೂ 4ಕೆ ಟಿವಿ ಎಚ್‌ಡಿಆರ್ (ಬೆಳಕು-ನೆರಳಿನ ವ್ಯಾಪ್ತಿ ಹೆಚ್ಚಿರುವ) ಚಿತ್ರವನ್ನು ಸ್ವೀಕರಿಸದೇ ಇರಬಹುದು. ಕಂಪ್ಯೂಟರ್‌ನವರು ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿ ರಿಫ್ರೆಶ್ ರೇಟ್ (ಹರ್ಟ್ಸ್ ಸಂಖ್ಯೆ) ಎಷ್ಟಿದೆ ಎಂದು ನೋಡಬೇಕು. 144 ಹರ್ಟ್ಸ್ ಮಾನಿಟರ್ ತಂದು ವರ್ಷವಾದರೂ ಅದನ್ನು 60ರಲ್ಲೇ ಓಡಿಸುತ್ತಿರುವವರಿಗೆ ನಮ್ಮ ಹಾಸ್ಟೆಲ್‌ಗಳಲ್ಲಿ ಬರವಿಲ್ಲ.

ವ್ಯತ್ಯಾಸ ಆಗಿದೆಯೋ ಇಲ್ಲವೋ ಎಂಬುದನ್ನು ಕಣ್ಣಂದಾಜಿಗೆ ಬಿಡಬೇಕಿಲ್ಲ. ಮೊಬೈಲ್‌ನ ಸ್ಲೋ ಮೋಷನ್ ಕ್ಯಾಮೆರಾವನ್ನು ಸೆಕೆಂಡಿಗೆ 240 ಫ್ರೇಮ್‌ಗೆ ಇಟ್ಟು, ಕಂಟ್ರೋಲರ್ ಹಿಡಿದ ಹೆಬ್ಬೆರಳು ಮತ್ತು ಪರದೆ ಎರಡೂ ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ಚಿತ್ರೀಕರಿಸಿ. ಗುಂಡಿ ಪೂರ್ತಿ ಒಳಹೋದ ಫ್ರೇಮ್‌ನಿಂದ ಪರದೆಯ ಮೇಲೆ ಆಟಗಾರನ ಕಾಲು ನೆಲ ಬಿಡುವ ಫ್ರೇಮ್‌ವರೆಗೆ ಎಣಿಸಿ; ಒಂದೊಂದು ಫ್ರೇಮ್‌ಗೂ ಸುಮಾರು 4 ಮಿಲಿಸೆಕೆಂಡ್ ಲೆಕ್ಕ. ಇದರಲ್ಲಿ ಆಟದ ಮತ್ತು ಕಂಟ್ರೋಲರ್‌ನ ತಡವೂ ಸೇರಿರುವುದರಿಂದ ಒಟ್ಟು ಮೊತ್ತಕ್ಕೆ ಹೆಚ್ಚು ಅರ್ಥವಿಲ್ಲ. ಗೇಮ್ ಮೋಡ್ ಹಾಕುವ ಮುನ್ನ ಮತ್ತು ನಂತರ ಅದೇ ಜಿಗಿತವನ್ನು ಕೆಲವು ಸಲ ಅಳೆದು, ಎರಡರ ಅಂತರವನ್ನು ಮಾತ್ರ ನೋಡಬೇಕು. ಅಂತರ ಹತ್ತು ಹನ್ನೆರಡು ಫ್ರೇಮ್‌ನಷ್ಟಿದ್ದರೆ ಹೊಸ ಟಿವಿಯ ಮಾತನ್ನು ಮುಂದಿನ ವರ್ಷಕ್ಕೆ ಹಾಕಬಹುದು.

ಟೇಪು ಹಿಡಿದು ಅಳೆಯಿರಿ

4ಕೆ ಬೇಕೇ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಕುರ್ಚಿ. ಸಾಧಾರಣ ದೃಷ್ಟಿಯುಳ್ಳವರಿಗೆ 43 ಇಂಚಿನ ಟಿವಿಯನ್ನು ಐದೂವರೆ ಅಡಿಗಿಂತ ದೂರದಿಂದ ನೋಡಿದಾಗ 1080ಪಿಯ ಪಿಕ್ಸೆಲ್‌ಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. 55 ಇಂಚಿಗೆ ಈ ಗಡಿ ಸುಮಾರು ಏಳು ಅಡಿ. ಪಿ.ಜೆ. ಬಡಾವಣೆಯ ಹಳೆಯ ಮನೆಯಾಗಲಿ, ನಿಟುವಳ್ಳಿಯ ಬಾಡಿಗೆ ಮನೆಯಾಗಲಿ, ಹನ್ನೆರಡು ಅಡಿಯ ಹಾಲ್‌ನಲ್ಲಿ ಸೋಫಾ ಗೋಡೆಗೆ ಒರಗಿದ್ದರೆ ಕಣ್ಣಿಗೂ ಟಿವಿಗೂ ಒಂಬತ್ತು ಅಡಿ ಇದ್ದೇ ಇರುತ್ತದೆ. ಅಲ್ಲಿ 43 ಇಂಚಿನ ಫುಲ್ ಎಚ್‌ಡಿ ತೆಗೆದು ಅದೇ ಅಳತೆಯ 4ಕೆ ತಂದರೆ ಚಿತ್ರದ ಸೂಕ್ಷ್ಮತೆಯ ದೃಷ್ಟಿಯಿಂದ ದೊಡ್ಡ ವ್ಯತ್ಯಾಸ ಕಾಣದು. ತರುವುದಾದರೆ, ಚಿತ್ರವಾದರೂ ದೊಡ್ಡದಾಗಿ ಕಾಣುವಂತೆ 55 ಅಥವಾ 65 ಇಂಚಿನದನ್ನೇ ತರಬೇಕು.

ಓದುವ ಮೇಜಿನ ಮೇಲೆ ಎರಡಡಿ ದೂರದಲ್ಲಿರುವ ಮಾನಿಟರ್‌ನ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ 27 ಇಂಚಿನ 1080ಪಿ ಪರದೆಯಲ್ಲಿ ಅಕ್ಷರಗಳ ಅಂಚು ಒರಟಾಗಿ ಕಾಣುತ್ತದೆ. 24 ಇಂಚಿಗೆ 1080ಪಿ, 27ಕ್ಕೆ 1440ಪಿ ಎಂಬ ಜೋಡಿಯನ್ನು ಬಹುತೇಕರು ಒಪ್ಪಿದ್ದಾರೆ, ನನಗೂ ಅದೇ ಸರಿ ಅನಿಸುತ್ತದೆ. ಪ್ಲೇಸ್ಟೇಷನ್ 5 ಮೊದಲು 1440ಪಿಯನ್ನು ಕಳಿಸುತ್ತಿರಲಿಲ್ಲ, 2022ರ ಸೆಪ್ಟೆಂಬರ್‌ನ ಅಪ್‌ಡೇಟ್‌ನಿಂದ ಕಳಿಸುತ್ತಿದೆ. ಆದ್ದರಿಂದ ‘ಮಾನಿಟರ್‌ಗೆ ಪಿಎಸ್5 ಹೊಂದುವುದಿಲ್ಲ’ ಎಂಬ ಹಳೆಯ ಮಾತನ್ನು ನಂಬಬೇಕಿಲ್ಲ.

ಟಿವಿಯೋ ಮಾನಿಟರ್ರೋ

ಹಾಲ್‌ನಲ್ಲಿರುವ ಪರದೆ ಮನೆಯವರೆಲ್ಲರದು. ಸಂಜೆ ಏಳರಿಂದ ಹತ್ತರವರೆಗೆ ಅಜ್ಜಿಯ ಧಾರಾವಾಹಿ, ನಡುವೆ ಕ್ರಿಕೆಟ್ ಇದ್ದರೆ ಅಪ್ಪನ ಹಟ, ಉಳಿದ ವೇಳೆಯಲ್ಲಿ ಆಟ ಎಂಬಂತಿದ್ದರೆ ಒಂದು ಲಕ್ಷದ ಟಿವಿ ತಂದರೂ ಆಡಲು ಸಿಗುವ ಸಮಯ ಹೆಚ್ಚುವುದಿಲ್ಲ. ಕೋಣೆಯಲ್ಲಿ ಒಬ್ಬರೇ ಕುಳಿತು ಆಡುವವರಿಗೆ ಕಡಿಮೆ ಹಣದಲ್ಲಿ ಹೆಚ್ಚು ವೇಗ ಕೊಡುವುದು ಮಾನಿಟರ್. ಆದರೆ ಅದರಲ್ಲಿ ಕೇಬಲ್ ಚಾನೆಲ್ ಬರುವುದಿಲ್ಲ, ಬಹಳಷ್ಟರಲ್ಲಿ ಸ್ಪೀಕರ್ ಇರುವುದಿಲ್ಲ, ಇದ್ದರೂ ಹೆಸರಿಗಷ್ಟೇ. ಹೆಡ್‌ಫೋನ್ ಅಥವಾ ಸ್ಪೀಕರ್‌ನ ಖರ್ಚನ್ನು ಮೊದಲೇ ಸೇರಿಸಿಕೊಳ್ಳಬೇಕು.

ಪರದೆಯ ಬಗೆಯಲ್ಲೂ ಮನೆಯ ರೂಢಿ ಲೆಕ್ಕಕ್ಕೆ ಬರುತ್ತದೆ. ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುವ ಒಎಲ್‌ಇಡಿಯ ಕಪ್ಪು ನಿಜವಾದ ಕಪ್ಪು, ಆಟಕ್ಕೆ ಅದರಷ್ಟು ಚುರುಕಾದ ಪರದೆ ಇನ್ನೊಂದಿಲ್ಲ. ಆದರೆ ಕನ್ನಡ ಸುದ್ದಿ ವಾಹಿನಿಯೊಂದನ್ನು ಬೆಳಿಗ್ಗೆಯಿಂದ ರಾತ್ರಿಯವರೆಗೆ ಹಚ್ಚಿಯೇ ಇಡುವ ಮನೆಯಲ್ಲಿ, ಮೂಲೆಯ ಲಾಂಛನವೂ ಕೆಳಗಿನ ಕೆಂಪು ಪಟ್ಟಿಯೂ ವರ್ಷಗಳು ಕಳೆದಂತೆ ಪರದೆಯ ಮೇಲೆ ಕಲೆಯಾಗಿ ಉಳಿದುಬಿಡುವ ಅಪಾಯವಿದೆ. ಅಂಥ ಮನೆಗೆ ಎಲ್‌ಇಡಿಯೇ ಕ್ಷೇಮ. ಅದರ ಎರಡು ಬಗೆಗಳಲ್ಲಿ ವಿಎ ಪ್ಯಾನೆಲ್ ಕತ್ತಲೆಯ ದೃಶ್ಯಗಳನ್ನು ಚೆನ್ನಾಗಿ ತೋರಿಸುತ್ತದೆ, ಐಪಿಎಸ್ ಪಕ್ಕದಿಂದ ನೋಡಿದರೂ ಬಣ್ಣ ಕೆಡಿಸುವುದಿಲ್ಲ. ಬೇಸಿಗೆಯಲ್ಲಿ ಮುಂಬಾಗಿಲು ತೆರೆದಿಟ್ಟು ಬಿಸಿಲು ಟಿವಿಯ ಮೇಲೆ ಬೀಳುವ ಮನೆಯಲ್ಲಿ ಇವೆರಡಕ್ಕಿಂತ ಪರದೆಯ ಹೊಳಪೇ ದೊಡ್ಡ ಮಾತು.

ಅಂಗಡಿಯಲ್ಲಿ ಕೇಳಬೇಕಾದದ್ದು

ಪೆಟ್ಟಿಗೆಯ ಮೇಲಿನ ಸಂಖ್ಯೆಗಳಲ್ಲಿ ಅರ್ಧಕ್ಕರ್ಧ ಅಲಂಕಾರ. ‘ಮೋಷನ್ ರೇಟ್ 120’ ಎಂದಿದ್ದರೆ ಒಳಗಿನ ಪ್ಯಾನೆಲ್ 60 ಹರ್ಟ್ಸ್‌ನದೇ ಇರಬಹುದು. ‘ಪ್ಯಾನೆಲ್‌ನ ನಿಜವಾದ ರಿಫ್ರೆಶ್ ರೇಟ್ ಎಷ್ಟು, 4ಕೆಯಲ್ಲೇ 120 ಬರುತ್ತದೆಯೇ’ ಎಂದು ಬಿಡಿಸಿ ಕೇಳಬೇಕು. ‘ಎಚ್‌ಡಿಎಂಐ 2.1’ ಎಂದು ಬರೆದ ಮಾತ್ರಕ್ಕೂ 120 ಇದೆಯೆಂದಲ್ಲ, ಏಕೆಂದರೆ ಆ ಮಾನದಂಡದ ಸೌಲಭ್ಯಗಳು ಐಚ್ಛಿಕ. ಟಿವಿಯನ್ನು ತಿರುಗಿಸಿ ಕಿಂಡಿಗಳ ಪಕ್ಕದಲ್ಲಿ ಏನು ಅಚ್ಚಾಗಿದೆ ಎಂದು ನೋಡಿ. ನಾಲ್ಕರಲ್ಲಿ ಎರಡಕ್ಕೆ ಮಾತ್ರ 4ಕೆ 120ರ ಗುರುತಿರುವುದು ಸಾಮಾನ್ಯ. ಫ್ರೇಮ್‌ಗಳ ಏರಿಳಿತಕ್ಕೆ ತಕ್ಕಂತೆ ಪರದೆಯೂ ವೇಗ ಬದಲಿಸಿಕೊಳ್ಳುವ ವಿಆರ್‌ಆರ್ ಇದೆಯೇ ಎಂಬುದು ಮುಂದಿನ ಪ್ರಶ್ನೆ. ಅದಿದ್ದರೆ ಚಿತ್ರ ನಡುವೆ ಹರಿದಂತೆ ಕಾಣುವುದು ತಪ್ಪುತ್ತದೆ. ಮಾನಿಟರ್ ಪೆಟ್ಟಿಗೆಯ ‘1 ಮಿಲಿಸೆಕೆಂಡ್’, ‘ಎಚ್‌ಡಿಆರ್ 400’ ಎಂಬುವಕ್ಕೆ ಹಣ ಹೆಚ್ಚು ಕೊಡಬೇಡಿ.

ಅಂಗಡಿಯವರ ಪ್ರದರ್ಶನ ವೀಡಿಯೊದಲ್ಲಿ ಎಲ್ಲ ಟಿವಿಯೂ ಚೆನ್ನಾಗಿಯೇ ಕಾಣುತ್ತದೆ. ಸಾಧ್ಯವಾದರೆ ನಿಮ್ಮ ಲ್ಯಾಪ್‌ಟಾಪನ್ನೇ ಒಯ್ದು ಜೋಡಿಸಿ ನೋಡಿ. ಒಪ್ಪದ ಅಂಗಡಿಯಿದ್ದರೆ ಒಪ್ಪುವ ಅಂಗಡಿ ಪಕ್ಕದಲ್ಲೇ ಇರುತ್ತದೆ.

ಬೆಲೆಯ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿ ಮತ್ತು ಮಾನಿಟರ್‌ಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಇದರಿಂದ ಒಟ್ಟು ಬೆಲೆ ಇಳಿಯಬೇಕಾದದ್ದು ಶೇ 10 ಅಲ್ಲ, ಸುಮಾರು ಶೇ 8. ಚಿಕ್ಕ ಪರದೆಗಳಿಗೆ 2019ರಿಂದಲೇ ಶೇ 18 ಇರುವುದರಿಂದ 24 ಇಂಚಿನ ಮಾನಿಟರ್‌ಗೆ ‘ತೆರಿಗೆ ಇಳಿಕೆಯ ಕೊಡುಗೆ’ ಎಂದರೆ ನಕ್ಕು ಸುಮ್ಮನಾಗಬಹುದು.

ಕೊಂಡ ಮೇಲೆ

ಹರಿಹರಕ್ಕೋ ಜಗಳೂರಿಗೋ ಒಯ್ಯುವವರು ಪೆಟ್ಟಿಗೆಯನ್ನು ಮಲಗಿಸದೆ ನಿಲ್ಲಿಸಿಯೇ ಸಾಗಿಸಬೇಕು. ರಿಪೇರಿಗೆ ಊರಿನವರೇ ಬರುತ್ತಾರೋ ಬೆಂಗಳೂರು, ಹುಬ್ಬಳ್ಳಿಯಿಂದ ಬರಬೇಕೋ ಎಂದು ಬಿಲ್ ಹಾಕಿಸುವ ಮೊದಲೇ ಕೇಳಿಕೊಳ್ಳಿ, ಏಕೆಂದರೆ ವಾರಂಟಿ ಮುಗಿದ ಮೇಲೆ ಪ್ಯಾನೆಲ್ ಹೋದರೆ ಅದರ ಬೆಲೆ ಹೊಸ ಟಿವಿಯ ಹತ್ತಿರಕ್ಕೇ ಬರುತ್ತದೆ. ಟಿವಿಯ ಬೆನ್ನಿನ ಪಟ್ಟಿಯಲ್ಲಿ 100–240 ವೋಲ್ಟ್ ಎಂದಿದ್ದರೆ ಬೆಸ್ಕಾಂ ವಿದ್ಯುತ್ತಿನ ಸಾಮಾನ್ಯ ಏರಿಳಿತವನ್ನು ಅದು ತಾಳಿಕೊಳ್ಳುತ್ತದೆ. ಸಿಡಿಲಿನ ವಿಷಯ ಹಾಗಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ ಕಿತ್ತರೆ ಸಾಲದು, ಡಿಶ್ ಅಥವಾ ಕೇಬಲ್‌ನ ತಂತಿಯನ್ನೂ ಬಿಚ್ಚಿಡಬೇಕು, ಅದರ ಮೂಲಕವೂ ಹೊಡೆತ ಒಳಬರುತ್ತದೆ. ಮೊದಲ ದಿನವೇ ಪರದೆಯ ತುಂಬ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದಾದ ಮೇಲೊಂದು ತುಂಬಿಸಿ ಸತ್ತ ಪಿಕ್ಸೆಲ್ ಇದೆಯೇ ನೋಡಿ, ಇದ್ದರೆ ಫೋಟೊ ತೆಗೆದು ಅಂದೇ ಅಂಗಡಿಗೆ ತಿಳಿಸಿ. ಹಿಂದಿರುಗಿಸುವ ಅವಧಿ ಮುಗಿಯುವವರೆಗೆ ಪೆಟ್ಟಿಗೆಯನ್ನೂ ಥರ್ಮಾಕೋಲನ್ನೂ ಅಟ್ಟದ ಮೇಲೆ ಇಟ್ಟಿರಿ.