ಹಿಮಾಲಯನ್ 411ರ ಮುಂಭಾಗ ಕೈಯಾರೆ: ಎತ್ತರದ ವಿಂಡ್‌ಸ್ಕ್ರೀನ್, ಬ್ರಾಕೆಟ್, ಗ್ರಿಲ್, ಮಡ್‌ಗಾರ್ಡ್

ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ರಲ್ಲಿ ಹೆಡ್‌ಲೈಟೂ ವಿಂಡ್‌ಸ್ಕ್ರೀನೂ ಹ್ಯಾಂಡಲ್ ಜೊತೆ ತಿರುಗುವುದಿಲ್ಲ. ಅವೆರಡೂ ಚಾಸಿ ಕಡೆಯ ಚೌಕಟ್ಟಿಗೆ ಕೂತಿವೆ. ಮನೆಯಲ್ಲಿ ಭಾಗ ಮಾಡಿ ಹಾಕುವವರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ಫೋರ್ಕಿಗೆ (ಮುಂಚಕ್ರ ಹಿಡಿದು ಹ್ಯಾಂಡಲ್ ಜೊತೆ ತಿರುಗುವ ಎರಡು ಕಾಲು) ಕಟ್ಟಿದ ದೊಡ್ಡ ಸ್ಕ್ರೀನಿಗೆ ಗಾಳಿ ಬಡಿದರೆ ಆ ಹೊಡೆತ ನೇರ ಸ್ಟೀರಿಂಗಿಗೆ ಹೋಗಿ, ವೇಗದಲ್ಲಿ ಹ್ಯಾಂಡಲ್ ಅಲುಗಾಡಲು ಶುರುವಾಗುತ್ತದೆ. ಚಾಸಿಗೆ ಕಟ್ಟಿದ್ದಕ್ಕೆ ಆ ಕಾಟ ಬಹಳ ಕಡಿಮೆ. ಆದ್ದರಿಂದ ಹೊಸದಾಗಿ ಏನೇ ಕೂರಿಸುವುದಿದ್ದರೂ, ಫೋನ್ ಸ್ಟ್ಯಾಂಡ್ ಇರಲಿ, ಫಾಗ್ ಲೈಟ್ ಇರಲಿ, ಮೊದಲು ಆ ಚೌಕಟ್ಟಿನಲ್ಲಿ ಜಾಗ ಹುಡುಕಿ. ಹ್ಯಾಂಡಲ್ ಕೊನೆಯ ಆಯ್ಕೆ. ಇದೇ ಕಂಪನಿಯ ಸ್ಕ್ರಾಮ್ 411 ಬೈಕಿನಲ್ಲಿ ಹೆಡ್‌ಲೈಟ್ ಫೋರ್ಕಿಗೆ ಬಂದಿದೆ. ಆ ಗಾಡಿಯವರು ಕೆಳಗಿನ ಸ್ಕ್ರೀನಿನ ಅಳತೆಯನ್ನು ಹಾಗೇ ನಕಲು ಮಾಡಬೇಡಿ.

ವಿಂಡ್‌ಸ್ಕ್ರೀನ್: ಎತ್ತರ ನಿಮ್ಮ ಕಣ್ಣಿನದು

ಅಂಗಡಿಯ ಸ್ಕ್ರೀನ್ ಯಾವುದೋ ಸರಾಸರಿ ಎತ್ತರದ ಸವಾರನಿಗೆ ಮಾಡಿದ್ದು. 5 ಅಡಿ 4 ಇಂಚಿನವರಿಗೆ ಸರಿಹೋದದ್ದು 6 ಅಡಿಯವರ ಹೆಲ್ಮೆಟ್ಟಿಗೆ ಸರಿಯಾಗಿ ಗಾಳಿಯ ಸುಳಿ ಎಸೆಯುತ್ತದೆ. ಕೈಯಾರೆ ಮಾಡುವುದರ ನಿಜವಾದ ಲಾಭ ಇಲ್ಲಿದೆ, ಉಳಿಯುವ ದುಡ್ಡಿನಲ್ಲಲ್ಲ.

ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನಿಂದ ಇಳಿಸಿ, ರೈಡಿಂಗ್ ಜಾಕೆಟ್ ಹೆಲ್ಮೆಟ್ ಹಾಕಿಕೊಂಡೇ ಸೀಟಿನಲ್ಲಿ ಕೂತು ಸುಮಾರು 20 ಮೀಟರ್ ಮುಂದಿನ ನೆಲ ನೋಡಿ. ಸ್ಕ್ರೀನಿನ ಮೇಲಂಚು ಆ ನೋಟದ ಗೆರೆಗಿಂತ 50ರಿಂದ 75 ಎಂಎಂ ಕೆಳಗಿರಬೇಕು. ಸ್ಕ್ರೀನ್ ಮೂಲಕ ನೋಡುವ ಹಾಗಾಗಬಾರದು. ಆಗುಂಬೆ, ಚಾರ್ಮಾಡಿಯ ಮಳೆಯಲ್ಲಿ ರಾತ್ರಿ ಎದುರು ಲಾರಿಯ ಬೆಳಕು ಒದ್ದೆ ಪ್ಲಾಸ್ಟಿಕ್ಕಿನ ಮೇಲೆ ಹರಡಿಕೊಂಡರೆ ರಸ್ತೆಯೇ ಕಾಣುವುದಿಲ್ಲ.

ಮೊದಲ ಸ್ಕ್ರೀನ್ ಬರೀ ಅಳತೆ ನೋಡಲು: ಅದು ಪಾಲಿಕಾರ್ಬೊನೇಟಿನದಲ್ಲ (ಸುಲಭವಾಗಿ ಒಡೆಯದ ಪಾರದರ್ಶಕ ಪ್ಲಾಸ್ಟಿಕ್), ಸೈನ್‌ಬೋರ್ಡ್ ಅಂಗಡಿಯಲ್ಲಿ ಸಿಗುವ ಪೊಳ್ಳು ಪ್ಲಾಸ್ಟಿಕ್ ಹಾಳೆಯದಾಗಿರಲಿ. ಬೇಕಾದ್ದಕ್ಕಿಂತ 60 ಎಂಎಂ ಎತ್ತರ ಕತ್ತರಿಸಿ ಹಳೆಯ ರಂಧ್ರಗಳಿಗೇ ಕಟ್ಟಿ. ಅದರ ಮೇಲಂಚಿಗೂ ಹೆಲ್ಮೆಟ್ಟಿನ ಗಲ್ಲಕ್ಕೂ ಬೆರಳುದ್ದದ ಉಣ್ಣೆ ದಾರದ ತುಂಡುಗಳನ್ನು ಟೇಪಿನಲ್ಲಿ ಅಂಟಿಸಿ, ಖಾಲಿ ರಸ್ತೆಯಲ್ಲಿ 60 ಕಿ.ಮೀ. ವೇಗಕ್ಕೆ ಹೋಗಿ. ಪಕ್ಕದ ಗಾಡಿಯಿಂದ ಇನ್ನೊಬ್ಬರು ವಿಡಿಯೊ ತೆಗೆಯಲಿ. ದಾರ ಹಿಂದಕ್ಕೆ ನೇರ ಮಲಗಿದ್ದರೆ ಗಾಳಿ ಶುದ್ಧವಾಗಿ ಹರಿಯುತ್ತಿದೆ. ಗಿರಕಿ ಹೊಡೆಯುತ್ತಿದ್ದರೆ, ಇಲ್ಲವೇ ಮುಂದಕ್ಕೆ ತಿರುಗಿದರೆ, ಅಲ್ಲಿ ಸುಳಿ ಇದೆ. ಪ್ರತಿ ಸಲ 15 ಎಂಎಂ ಕತ್ತರಿಸಿ ಮತ್ತೆ ನೋಡಿ. ಸ್ಕ್ರೀನಿನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುವುದರಿಂದಲೇ ಸುಳಿ ಹುಟ್ಟುವುದು. ಕೆಳಗಿನಿಂದ ಒಂದಿಷ್ಟು ಗಾಳಿ ಒಳಗೆ ಬಿಟ್ಟರೆ ಅದು ತಗ್ಗುತ್ತದೆ. ಹೆಡ್‌ಲೈಟಿಗೂ ಸ್ಕ್ರೀನಿನ ಕೆಳ ಅಂಚಿಗೂ ನಡುವೆ 30ರಿಂದ 50 ಎಂಎಂ ಸಂದು ಇರಲಿ. ಎತ್ತರ ಹೆಚ್ಚಿಸುವುದಕ್ಕಿಂತ ಮೊದಲು ಈ ಸಂದು ಪ್ರಯತ್ನಿಸಿ, ಎಷ್ಟೋ ಗಾಡಿಗಳಿಗೆ ಅಷ್ಟೇ ಸಾಕಾಗುತ್ತದೆ.

ಅಳತೆ ಕೂತ ಮೇಲೆ 3 ಎಂಎಂ ಗಟ್ಟಿ ಪಾಲಿಕಾರ್ಬೊನೇಟ್ ತನ್ನಿ. ಅಕ್ರಿಲಿಕ್ ಬೇಡವೇ ಬೇಡ. ಅದು ನೋಡಲು ಹೊಳಪು, ಗೀಚು ಕಡಿಮೆ, ಆದರೆ ಕಲ್ಲು ಬಡಿದರೆ ಚೂಪು ಚೂರಾಗಿ ಒಡೆದು ಎದೆಯ ಕಡೆಗೇ ಬರುತ್ತದೆ. ಅಂಗಡಿಯವರು ಎರಡನ್ನೂ ಒಂದೇ ಹೆಸರಲ್ಲಿ ಕೊಡುವುದುಂಟು. ಒಂದು ಮೂಲೆಯ ತುಂಡನ್ನು ಇಕ್ಕಳದಲ್ಲಿ ಹಿಡಿದು 90 ಡಿಗ್ರಿ ಬಗ್ಗಿಸಿ ನೋಡಿ: ಅಕ್ರಿಲಿಕ್ ಪಟ್ಟನೆ ಮುರಿಯುತ್ತದೆ, ಪಾಲಿಕಾರ್ಬೊನೇಟ್ ಬಗ್ಗಿ ಬಿಳಚುತ್ತದೆ ಅಷ್ಟೇ. ಯುವಿ ಲೇಪ ಒಂದೇ ಬದಿಗಿದ್ದರೆ ರಕ್ಷಣಾ ಫಿಲ್ಮಿನ ಮೇಲೆ ಬರೆದಿರುತ್ತದೆ, ಆ ಬದಿ ಹೊರಗೆ. 380 ಎಂಎಂ ಅಗಲ, 450 ಎಂಎಂ ಎತ್ತರದ 3 ಎಂಎಂ ಸ್ಕ್ರೀನಿನ ತೂಕ ಸುಮಾರು 600 ಗ್ರಾಂ. ತೂಕ ಏನೂ ಅಲ್ಲ, ಗಾಳಿಯೇ ವಿಷಯ: ಅದನ್ನು ನೇರ ನಿಲ್ಲಿಸಿ 100 ಕಿ.ಮೀ. ವೇಗದಲ್ಲಿ ಹೋದರೆ ಸುಮಾರು 8 ಕೆಜಿ ಬಲ ಬೀಳುತ್ತದೆ. ಎದುರುಗಾಳಿ 30 ಕಿ.ಮೀ. ಇದ್ದರೆ ಅದೇ 13 ಕೆಜಿ ದಾಟುತ್ತದೆ. ಬ್ರಾಕೆಟ್ ಯೋಚನೆ ಮಾಡುವಾಗ ಈ ಲೆಕ್ಕ ತಲೆಯಲ್ಲಿರಲಿ.

ಫಿಲ್ಮ್ ತೆಗೆಯದೆ, ಇಂಚಿಗೆ 10–14 ಹಲ್ಲಿನ ಬ್ಲೇಡ್ ಹಾಕಿದ ಜಿಗ್‌ಸಾದಲ್ಲಿ (ಕೈಯಲ್ಲಿ ಹಿಡಿಯುವ ವಿದ್ಯುತ್ ಗರಗಸ) ನಿಧಾನವಾಗಿ ಕತ್ತರಿಸಿ. ವೇಗ ಜಾಸ್ತಿಯಾದರೆ ಪ್ಲಾಸ್ಟಿಕ್ ಕರಗಿ ಬ್ಲೇಡಿನ ಹಿಂದೆ ಮತ್ತೆ ಅಂಟಿಕೊಳ್ಳುತ್ತದೆ. ಮೂಲೆಗಳನ್ನು ಕನಿಷ್ಠ 25 ಎಂಎಂ ತ್ರಿಜ್ಯಕ್ಕೆ ದುಂಡು ಮಾಡಿ. ಅಂಚನ್ನು 240, 400, 600 ಗ್ರಿಟ್ ಮರಳು ಕಾಗದದಲ್ಲಿ ಇದೇ ಕ್ರಮದಲ್ಲಿ ತೀಡಿ. ಅಂಚಿನಲ್ಲಿ ಉಳಿದ ಒಂದು ಗೀರಿನಿಂದಲೇ ಬಿರುಕು ಶುರುವಾಗುವುದು.

ಬಿಸಿ ಮಾಡಿ ಬಗ್ಗಿಸುವ ಆಸೆ ಬಿಡಿ. ಪಾಲಿಕಾರ್ಬೊನೇಟ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಮೊದಲು ಓವನ್‌ನಲ್ಲಿ ಗಂಟೆಗಟ್ಟಲೆ ಒಣಗಿಸದೆ ಬಿಸಿ ಮಾಡಿದರೆ ಒಳಗೆಲ್ಲ ಗುಳ್ಳೆ ಏಳುತ್ತದೆ, ಮಳೆಗಾಲದಲ್ಲಂತೂ ಖಂಡಿತ. ತಣ್ಣಗೇ ಬಗ್ಗಿಸಬಹುದು, ಆದರೆ ಮಿತಿ ಇದೆ: ಬಾಗಿನ ತ್ರಿಜ್ಯ ದಪ್ಪದ 150 ಪಟ್ಟಿಗಿಂತ ಕಡಿಮೆಯಾಗಬಾರದು. 3 ಎಂಎಂ ಹಾಳೆಗೆ 450 ಎಂಎಂ, 4 ಎಂಎಂ ಹಾಳೆಗೆ 600 ಎಂಎಂ. ಅದಕ್ಕಿಂತ ಬಿಗಿಯಾಗಿ ಎಳೆದು ಕಟ್ಟಿದರೆ ಅಂದು ಏನೂ ಆಗುವುದಿಲ್ಲ, ಕೆಲವು ತಿಂಗಳಲ್ಲಿ ರಂಧ್ರಗಳ ಸುತ್ತ ಕೂದಲಿನಂಥ ಗೆರೆಗಳು ಮೂಡುತ್ತವೆ.

ನಾಲ್ಕು ಎಂ5 (5 ಎಂಎಂ ದಪ್ಪದ) ಬೋಲ್ಟು ಸಾಕು. ಸ್ಕ್ರೀನಿನ ರಂಧ್ರ 5 ಎಂಎಂ ಅಲ್ಲ, 7 ಎಂಎಂ. ಹಾಳೆಯ ಬಿಸಿ 40 ಡಿಗ್ರಿ ಏರಿದರೆ 450 ಎಂಎಂ ಪಾಲಿಕಾರ್ಬೊನೇಟ್ ಸುಮಾರು 1.2 ಎಂಎಂ ಬೆಳೆಯುತ್ತದೆ. ಅಲ್ಯುಮಿನಿಯಂ ಬ್ರಾಕೆಟ್ ಅದರ ಮೂರನೇ ಒಂದರಷ್ಟು ಮಾತ್ರ. ಜಾಗವಿಲ್ಲದಿದ್ದರೆ ಆ ವ್ಯತ್ಯಾಸವೆಲ್ಲ ರಂಧ್ರದ ಅಂಚಿನ ಮೇಲೆ ಬೀಳುತ್ತದೆ. ರಂಧ್ರದ ಮಧ್ಯದಿಂದ ಹಾಳೆಯ ಅಂಚಿಗೆ ಕನಿಷ್ಠ 15 ಎಂಎಂ ಬಿಡಿ. ಬ್ರಾಕೆಟ್ಟಿನ ಬದಿಗೆ ವೆಲ್‌ನಟ್ (ಒಳಗೆ ನಟ್ಟು ಇರುವ ರಬ್ಬರ್ ಕೊಳವೆ), ಸ್ಕ್ರೀನಿನ ಎರಡೂ ಬದಿಗೆ ನೈಲಾನ್ ವಾಷರ್. ವೆಲ್‌ನಟ್ಟಿನ ಹೊರ ಅಳತೆ ತಯಾರಕರಿಂದ ತಯಾರಕರಿಗೆ ಬೇರೆ. ಅದನ್ನು ಅಳೆದ ಮೇಲೆಯೇ ಬ್ರಾಕೆಟ್ ತೂತು ಕೊರೆಯಿರಿ. ರಬ್ಬರ್ ಸ್ವಲ್ಪ ಉಬ್ಬುವಷ್ಟು ಕೈಬಿಗಿ ಸಾಕು.

ಮತ್ತೆ ಒಂದು ಮಾತು, ಇದನ್ನು ಮರೆತವರೇ ಹೆಚ್ಚು: ಈ ಬೋಲ್ಟುಗಳಿಗೆ ಥ್ರೆಡ್‌ಲಾಕರ್ (ಬೋಲ್ಟು ಸಡಿಲವಾಗದಂತೆ ಹಾಕುವ ಅಂಟು ದ್ರವ) ಹಾಕಲೇಬೇಡಿ. ಆ ದ್ರವ ತಾಗಿದರೆ ಪಾಲಿಕಾರ್ಬೊನೇಟ್ ಬಿರುಕು ಬಿಡುತ್ತದೆ. ಪೆಟ್ರೋಲು, ಅಮೋನಿಯಾ ಇರುವ ಗಾಜು ತೊಳೆಯುವ ಸ್ಪ್ರೇ ಕೂಡ ಹಾಗೇ. ಸೋಪು ನೀರು, ಮೈಕ್ರೊಫೈಬರ್ ಬಟ್ಟೆ, ಅಷ್ಟೇ.

ಬ್ರಾಕೆಟ್: ಯಾವ ಅಲ್ಯುಮಿನಿಯಂ ಎಂದು ಕೇಳಿ

ಬೆಂಗಳೂರಿನ ಪೀಣ್ಯದಂಥ ಕಡೆ ಲೇಸರ್ ಕಟಿಂಗ್ ಮಾಡಿಸುವವರು ಮೊದಲು ಗ್ರೇಡ್, ಅಂದರೆ ಯಾವ ಬಗೆಯ ಅಲ್ಯುಮಿನಿಯಂ ಮಿಶ್ರಲೋಹ ಎಂದು, ಹೇಳಬೇಕು. "ಗಟ್ಟಿ ಇರಲಿ" ಎಂದು 6061-ಟಿ6 ತೆಗೆದುಕೊಂಡರೆ ಬಿಗಿಯಾಗಿ ಬಗ್ಗಿಸುವಾಗ ಹೊರಮೈ ಸೀಳುತ್ತದೆ. ಬಗ್ಗಿಸುವ ಭಾಗಕ್ಕೆ 3 ಎಂಎಂ ದಪ್ಪದ 5052 ಗ್ರೇಡ್ ಸರಿಯಾದದ್ದು. ಅದು ಸಿಗದಿದ್ದರೆ 2 ಎಂಎಂ ಸಿಆರ್ (ಕೋಲ್ಡ್ ರೋಲ್ಡ್) ಸ್ಟೀಲ್; ತೂಕ ಹೆಚ್ಚು, ಪೌಡರ್ ಕೋಟಿಂಗ್ ಬೇಕು, ಆದರೆ ಯಾವ ಊರಿನ ವೆಲ್ಡಿಂಗ್ ಶಾಪಿನಲ್ಲೂ ರಿಪೇರಿ ಆಗುತ್ತದೆ. ದೂರ ಹೋಗುವ ಗಾಡಿಗೆ ಸ್ಟೀಲೇ ಮೇಲು.

ಬಗ್ಗಿಸುವಾಗ ಉದ್ದದ ಲೆಕ್ಕ ತಪ್ಪುವುದು ಸಾಮಾನ್ಯ. ಹೊರ ಅಳತೆ 30 ಎಂಎಂ, 30 ಎಂಎಂ ಇರುವ ಎಲ್ ಆಕಾರಕ್ಕೆ 60 ಎಂಎಂ ಪಟ್ಟಿ ಬೇಡ. 3 ಎಂಎಂ ದಪ್ಪ, ಒಳ ತ್ರಿಜ್ಯ 3 ಎಂಎಂ ಇದ್ದರೆ ಸುಮಾರು 55 ಎಂಎಂ ಸಾಕು. ಬಾಗಿನ ಗೆರೆಯಿಂದ 10 ಎಂಎಂ ಒಳಗೆ ತೂತು ಇದ್ದರೆ ಬಗ್ಗಿಸುವಾಗ ಅದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಚೌಕಟ್ಟಿಗೆ ಕೂರುವ ಕಡೆ ದುಂಡು ತೂತಿನ ಬದಲು 6.5 ಎಂಎಂ ಅಗಲ, 15 ಎಂಎಂ ಉದ್ದದ ಸ್ಲಾಟ್ ಮಾಡಿ. ಎರಡು ಬದಿಯ ಅಳತೆ ಎಂದೂ ಪೂರ್ತಿ ಹೊಂದುವುದಿಲ್ಲ.

ಬ್ರಾಕೆಟ್ ಮುರಿಯುವುದು ಗಾಳಿಯ ಭಾರಕ್ಕಿಂತ ಹೆಚ್ಚಾಗಿ ಕಂಪನದಿಂದ. ಸಿಂಗಲ್ ಸಿಲಿಂಡರ್ ಎಂಜಿನ್ 4500 ಆರ್‌ಪಿಎಂನಲ್ಲಿ ಸೆಕೆಂಡಿಗೆ 75 ಸಲ ನಡುಗಿಸುತ್ತದೆ, ಹೈವೇಯಲ್ಲಿ ಗಂಟೆಗಟ್ಟಲೆ. ಚಪ್ಪಟೆ ಪಟ್ಟಿ ಅದೇ ತಾಳಕ್ಕೆ ಕುಣಿಯಲು ಶುರುಮಾಡಿದರೆ ಬಾಗಿನ ಮೂಲೆಯಲ್ಲಿ ಬಿರುಕು ಬರುತ್ತದೆ. ದಪ್ಪ ಹೆಚ್ಚಿಸುವ ಬದಲು ಉದ್ದದ ಅಂಚನ್ನು 12 ಎಂಎಂ ಮಡಚಿ. ತೂಕ ಅಷ್ಟೇನೂ ಏರದೆ ಬಿಗಿತ ಹಲವು ಪಟ್ಟು ಹೆಚ್ಚುತ್ತದೆ. ಚೌಕಟ್ಟಿನ ಬೋಲ್ಟು ಎಂ6 ಆದರೆ 10 ನ್ಯೂಟನ್ ಮೀಟರ್, ಜೊತೆಗೆ ನೈಲಾಕ್ ನಟ್ಟು (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರ ಇರುವುದು). ಮಂಗಳೂರು, ಉಡುಪಿ, ಕಾರವಾರದ ಗಾಡಿಗಳಲ್ಲಿ ಸ್ಟೇನ್‌ಲೆಸ್ ಬೋಲ್ಟು ಅಲ್ಯುಮಿನಿಯಂಗೆ ನೇರ ತಾಗಬಾರದು. ಉಪ್ಪುಗಾಳಿಯಲ್ಲಿ ಬೋಲ್ಟಿನ ಸುತ್ತ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ತಿನ್ನಿಸಿಕೊಳ್ಳುತ್ತದೆ. ನಡುವೆ ನೈಲಾನ್ ವಾಷರ್ ಹಾಕಿ, ಥ್ರೆಡ್ಡಿಗೆ ಆಂಟಿಸೀಜ್ (ಬೋಲ್ಟು ಹಿಡಿದುಕೊಳ್ಳದಂತೆ ಹಚ್ಚುವ ಪೇಸ್ಟ್) ಸವರಿ.

ಹೆಡ್‌ಲೈಟ್ ಗ್ರಿಲ್

ಸಣ್ಣ ಕಣ್ಣಿನ ಜಾಲರಿ ಚೆನ್ನಾಗಿ ಕಾಣುತ್ತದೆ, ಬೆಳಕು ತಿನ್ನುತ್ತದೆ. 2 ಎಂಎಂ ತಂತಿಯ ಜಾಲರಿಯಲ್ಲಿ ಕಣ್ಣು 10 ಎಂಎಂ ಇದ್ದರೆ ಮೂವತ್ತು ಶೇಕಡಾ ಬೆಳಕು ಹೋಯಿತು. 20 ಎಂಎಂ ಇದ್ದರೆ 17, 30 ಎಂಎಂ ಇದ್ದರೆ 12. 60/55 ವ್ಯಾಟಿನ ಹ್ಯಾಲೊಜೆನ್ ಬಲ್ಬಿನ ಬೆಳಕೇ ಕಡಿಮೆ, ಅದರಲ್ಲಿ ಕಾಲು ಭಾಗ ಬಿಟ್ಟುಕೊಡುವುದು ಬೇಡ. 25–30 ಎಂಎಂ ಕಣ್ಣು ಆರಿಸಿ, ಮ್ಯಾಟ್ ಕಪ್ಪು ಬಣ್ಣ ಹೊಡೆಯಿರಿ, ಗಾಜಿನಿಂದ 30 ಎಂಎಂ ದೂರ ಇಡಿ. ಕೈಯಲ್ಲೇ ಬಿಚ್ಚುವ ಬಟರ್‌ಫ್ಲೈ ನಟ್ಟು ಹಾಕಿದರೆ ಒಳಗಿನ ಕೆಸರು ತೊಳೆಯಬಹುದು.

ಮಡ್‌ಗಾರ್ಡ್ ಎತ್ತುವುದು

ಗದಗ, ಧಾರವಾಡ, ವಿಜಯಪುರದ ಎರೆ ಭೂಮಿಯಲ್ಲಿ ಮಳೆ ಬಿದ್ದ ದಿನ ಗಾಡಿ ಓಡಿಸಿದವರಿಗೆ ಹೇಳಬೇಕಿಲ್ಲ. ಟೈರಿಗೂ ಕೆಳಗಿನ ಮಡ್‌ಗಾರ್ಡಿಗೂ ನಡುವೆ ಮಣ್ಣು ತುಂಬಿ ಚಕ್ರ ತಿರುಗುವುದೇ ನಿಲ್ಲುತ್ತದೆ. ಪರಿಹಾರ ಮಡ್‌ಗಾರ್ಡನ್ನು 15 ಎಂಎಂ ಎತ್ತುವುದು. ಲೇತ್ ಅಂಗಡಿಯಲ್ಲಿ ಹೊರ ವ್ಯಾಸ 12 ಎಂಎಂ, ಒಳಗೆ 6.5 ಎಂಎಂ, ಉದ್ದ 15 ಎಂಎಂ ಇರುವ ಅಲ್ಯುಮಿನಿಯಂ ಬುಶ್ ನಾಲ್ಕು ಮಾಡಿಸಿ. ಬೋಲ್ಟು ಕೂಡ ಹೆಚ್ಚುಕಡಿಮೆ ಅಷ್ಟೇ ಉದ್ದ ಹೆಚ್ಚಬೇಕು: 16 ಎಂಎಂ ಇದ್ದದ್ದು 30 ಎಂಎಂ. ಮಡ್‌ಗಾರ್ಡನ್ನು ಹಿಡಿದ ಲೋಹದ ಪಟ್ಟಿ ಎರಡು ಫೋರ್ಕ್ ಕಾಲುಗಳನ್ನು ಜೋಡಿಸಿದ್ದರೆ ಅದನ್ನು ತೆಗೆದೆಸೆಯಬೇಡಿ, ಕಾಲುಗಳು ಬೇರೆ ಬೇರೆ ತಿರುಚದಂತೆ ಅದು ತಡೆಯುತ್ತದೆ.

ಈ ಮಡ್‌ಗಾರ್ಡ್ ಚಕ್ರದ ಜೊತೆಯೇ ಏರಿಳಿಯುವುದರಿಂದ ಟೈರಿನ ಸಂದು ಬದಲಾಗದು. ಅಪಾಯ ಮೇಲಿದೆ. ಮುಂದಿನ ಸಸ್ಪೆನ್ಷನ್ನಿನ ಓಟ 200 ಎಂಎಂ. ಸೆಂಟರ್ ಸ್ಟ್ಯಾಂಡಿನಲ್ಲಿ ಮುಂಚಕ್ರ ಗಾಳಿಯಲ್ಲಿರುವಂತೆ ನಿಲ್ಲಿಸಿ, ಮಡ್‌ಗಾರ್ಡಿನ ತುದಿಯಿಂದ ಅದರ ಮೇಲಿರುವ ಮೊದಲ ಗಟ್ಟಿ ವಸ್ತುವಿನವರೆಗೆ ಫೋರ್ಕಿಗೆ ಸಮಾಂತರವಾಗಿ ಅಳೆಯಿರಿ. ಎತ್ತಿದ ಮೇಲೂ ಆ ಅಂತರ 215 ಎಂಎಂ ಇರಲೇಬೇಕು. ಇಲ್ಲದಿದ್ದರೆ ಬುಶ್ ಉದ್ದ ಇಳಿಸಿ, ಮೇಲಿನ ಆ ಅಂತರದಲ್ಲಿ ರಾಜಿ ಮಾಡಿಕೊಳ್ಳಬೇಡಿ.

ರಸ್ತೆಗಿಳಿಸುವ ಮುನ್ನ

ಎಂಜಿನ್ ಐಡಲ್‌ನಲ್ಲಿಟ್ಟು ಹ್ಯಾಂಡಲನ್ನು ಎಡ ತುದಿಯಿಂದ ಬಲ ತುದಿಗೆ ತಿರುಗಿಸಿ. ಆರ್‌ಪಿಎಂ ಏರಿದರೆ ಥ್ರಾಟಲ್ ಕೇಬಲ್ ಎಳೆಯುತ್ತಿದೆ. ತಿರುವಿನಲ್ಲಿ ತಾನಾಗಿ ವೇಗ ಹೆಚ್ಚುವ ಗಾಡಿ ಅದು, ಸರಿಪಡಿಸದೆ ಹೊರಡಬೇಡಿ. ಬ್ರೇಕ್ ಹೋಸ್, ಎಬಿಎಸ್ ಸೆನ್ಸರ್ ವೈರು ಎಲ್ಲೂ ಬಿಗಿಯಾಗಬಾರದು, ಬ್ರಾಕೆಟ್ಟಿನ ಅಂಚಿಗೆ ಉಜ್ಜಬಾರದು. ಗ್ಲೌಸ್ ಹಾಕಿದ ಕೈಗೂ ಸ್ಕ್ರೀನಿಗೂ ಎರಡೂ ತುದಿಯಲ್ಲಿ 15 ಎಂಎಂ ಅಂತರ ಬೇಕು.

ಹೆಡ್‌ಲೈಟು, ಇಂಡಿಕೇಟರು, ನಂಬರ್ ಪ್ಲೇಟು ಮುಚ್ಚುವಂಥದ್ದು ಏನೂ ಬೇಡ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಮಾರ್ಪಾಡನ್ನು ತಡೆಯುತ್ತದೆ. ಅದಕ್ಕೇ ಮೂಲ ಭಾಗಗಳನ್ನು ಕತ್ತರಿಸದೆ ಮೂಲ ರಂಧ್ರಗಳಿಗೇ ಕೂರಿಸಿ, ಬಿಚ್ಚಿದರೆ ಗಾಡಿ ಮೊದಲಿನಂತಾಗಬೇಕು.

ಕೊನೆಗೆ ಪ್ರತಿ ಲೋಹದ ಬೋಲ್ಟಿನ ತಲೆಯಿಂದ ಬ್ರಾಕೆಟ್ಟಿಗೆ ಅಡ್ಡವಾಗಿ ಬಿಳಿ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಮೊದಲ 100 ಕಿ.ಮೀ. ಆದಮೇಲೆ ನೋಡಿ: ಗೆರೆ ತುಂಡಾಗಿದ್ದರೆ ಆ ಬೋಲ್ಟು ತಿರುಗಿದೆ. ಆಮೇಲೆ ಪ್ರತಿ ಚೈನ್ ಲ್ಯೂಬ್ ಜೊತೆಗೆ ಒಮ್ಮೆ ಗೆರೆಗಳನ್ನೂ ಬಾಗಿನ ಮೂಲೆಗಳನ್ನೂ ಟಾರ್ಚ್ ಹಾಕಿ ನೋಡಿ. ಬಿರುಕು ಕಂಡ ಬ್ರಾಕೆಟ್ಟಿಗೆ ಮೇಲೆ ವೆಲ್ಡ್ ಹಾಕಿ ಮುಂದುವರಿಯಬೇಡಿ, ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಅಂಚು ಮಡಚಿದ ಹೊಸದನ್ನೇ ಮಾಡಿ.